ಎಣ್ಣೆಯಲ್ಲಿ ಐದು ವರ್ಷ

ದಾರ್ದೊ ಬೆಂತಾಂಕುರ್‌ಗೆ ಬದುಕಿನಲ್ಲಿ ಮೊದಲ ಸಲ ಒಂದು ಗುಟ್ಟು ದಕ್ಕಿದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಅವನು ಇಪ್ಪತ್ತಾರು ವರ್ಷ, ತನ್ನ ಊರು ಪಾಸೊ ಕೊರ್ರೆಯಾದಿಂದ ರಾಜಧಾನಿ ಮೊಂಟೆವಿಡಿಯೊಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ. ಟಿಕೆಟಿನ ಜೊತೆ ಊರಿನ ಸುದ್ದಿಯನ್ನೂ ಹರಿದು ಕೊಡುವುದು ಅವನ ಪದ್ಧತಿ. ಯಾರ ಹಸು ಯಾರ ಬೇಲಿ ಮುರಿಯಿತು, ಯಾರ ಮಗಳು ಯಾರ ಮೋಟಾರುಸೈಕಲ್ ಹತ್ತಿದಳು, ಪಾದ್ರಿಗಳ ಹೊಸ ಹಲ್ಲುಸೆಟ್ಟು ಎಲ್ಲಿ ಅಲುಗಾಡುತ್ತದೆ, ಇವೆಲ್ಲ ಮೂರನೇ ನಿಲ್ದಾಣ ಬರುವಷ್ಟರಲ್ಲಿ ಹಿಂದಿನ ಸೀಟಿನವರೆಗೂ ತಲುಪಿರುತ್ತಿದ್ದವು. ಆಮೇಲೆ ಬಸ್ಸಿಗೆ ಕಾರ್ಡು ಉಜ್ಜುವ ಯಂತ್ರ ಬಂತು. ಯಂತ್ರಕ್ಕೆ ಸುದ್ದಿ ಹೇಳಲು ಬರುತ್ತಿರಲಿಲ್ಲ. ಆದರೂ ಬಸ್ಸಿನವರು ಯಂತ್ರವನ್ನು ಉಳಿಸಿಕೊಂಡು ದಾರ್ದೊನನ್ನು ಮನೆಗೆ ಕಳಿಸಿದರು.

ಆ ಮನೆಯಾದರೂ ಅವನದಲ್ಲ, ಅತ್ತೆಯದು. ಎಂಟು ತಿಂಗಳು ಅತ್ತೆಯ ಕೋಳಿಗಳ ಜೊತೆ ಮಾತಾಡಿಕೊಂಡಿದ್ದ ಮೇಲೆ ಅವನಿಗೆ ಬಿಳಿ ಡಬ್ಬದಲ್ಲಿ ಕೆಲಸ ಸಿಕ್ಕಿತು.

ಬಿಳಿ ಡಬ್ಬ ಎಂದರೆ ಊರಾಚೆ, ಹಳೆಯ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಎದ್ದಿದ್ದ, ಒಂದೂ ಕಿಟಕಿಯಿಲ್ಲದ ದೊಡ್ಡ ಕಟ್ಟಡ. ಅದು ಡೇಟಾ ಸೆಂಟರ್, ಲೋಕದವರ ಫೋಟೊ, ಪತ್ರ, ಲೆಕ್ಕ ಎಲ್ಲ ಅಲ್ಲಿನ ಕಂಪ್ಯೂಟರುಗಳಲ್ಲಿ ಇರುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಪಾಸೊ ಕೊರ್ರೆಯಾದವರು ಪತ್ರಿಕೆಯಲ್ಲಿ ಬಂದದ್ದನ್ನು ನಂಬುವ ಜನವಲ್ಲ. ಹವಾಮಾನದ ವರದಿ ಓದಿದ ಮೇಲೂ ಹೊರಗೆ ಕೈಚಾಚಿ ನೋಡಿಯೇ ಮಳೆ ಎಂದು ಒಪ್ಪುವವರು.

ಕೆಲಸ ಹೇಳಿಕೊಟ್ಟವಳು ಲೂರ್ದೆಸ್ ಬರೆಯ್ರೊ ಎಂಬ ಇಂಜಿನಿಯರು. ಹೊಸ ಕಂಪ್ಯೂಟರುಗಳೆಲ್ಲ ಕೃತಕ ಬುದ್ಧಿಯವು, ಹೆಚ್ಚು ಯೋಚಿಸುತ್ತವೆ, ಆದ್ದರಿಂದ ಹೆಚ್ಚು ಕಾಯುತ್ತವೆ, ಫ್ಯಾನಿನ ಗಾಳಿಗೆ ತಣಿಯುವ ಕಾಲ ಮುಗಿಯಿತು ಎಂದಳು. ಅದಕ್ಕೆ ಅವನ್ನು ಇಡಿಯಾಗಿ ಎಣ್ಣೆಯ ತೊಟ್ಟಿಗಳಲ್ಲಿ ಮುಳುಗಿಸಿ ಇಟ್ಟಿದ್ದರು. ವಿದ್ಯುತ್ತು ಹರಿಯದ, ವಾಸನೆಯೇ ಇಲ್ಲದ ವಿಶೇಷ ಎಣ್ಣೆ. ಕೆಟ್ಟುಹೋದ ಕಂಪ್ಯೂಟರನ್ನು ಮೇಲೆತ್ತಿ, ಕೊಕ್ಕೆಗೆ ನೇತುಹಾಕಿ, ಎಣ್ಣೆ ಇಳಿದ ಮೇಲೆ ಒರೆಸಿ ಕೊಡುವುದು ದಾರ್ದೊನ ಪಾಲಿನ ಕೆಲಸ.

ಮೊದಲ ದಿನ ಸಹಿಗೆ ಕಾಗದ ಮುಂದಿಟ್ಟಾಗ ದಾರ್ದೊನ ಕನ್ನಡಕ ಮನೆಯಲ್ಲಿತ್ತು. ಲೂರ್ದೆಸ್ ಒಂದು ಕಿವಿಗೆ ಫೋನು ಹಿಡಿದುಕೊಂಡೇ ಹೇಳಿದಳು: "ಇಲ್ಲೊಂದು ಸಹಿ ಹಾಕಿ. ಇದು ನಿಮ್ಮ ಹತ್ರಾನೇ ಇರ್ಬೇಕು. ಹೊರಗೆ ಒಯ್ಯೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ. ಹೆಚ್ಚುಕಮ್ಮಿ ಆದ್ರೆ ನೀವೇ ಜವಾಬ್ದಾರಿ."

ದಾರ್ದೊ ಎದ್ದುನಿಂತು ಸಹಿ ಹಾಕಿದ. ದೇಶದ ಗಡಿ ಕಾಯುವವರು ಹೀಗೆಯೇ ಸಹಿ ಹಾಕುತ್ತಾರೆಂದು ಅವನ ಕಲ್ಪನೆ.

ಸಂಜೆ ಮನೆಗೆ ಬಂದವನನ್ನು ಹೆಂಡತಿ ನಿಬಿಯಾ ಬಾಗಿಲಲ್ಲೇ ಹಿಡಿದಳು.

"ಹೇಗಿತ್ತು?"

"ಹೇಳೋ ಹಾಗಿಲ್ಲ."

"ಏನ್ ಕೆಲ್ಸ?"

"ಹೇಳೋ ಹಾಗಿಲ್ಲ. ಸಹಿ ಹಾಕಿದೀನಿ."

"ನಿಂತ್ಕೊಂಡು ಮಾಡೋದಾ, ಕೂತ್ಕೊಂಡಾ?"

ದಾರ್ದೊ ಸ್ವಲ್ಪ ಯೋಚಿಸಿದ. "ಅದನ್ನ ಕೇಳಿ ಹೇಳ್ಬೇಕು."

"ಯಾರನ್ನ ಕೇಳಿ?"

"ಅದೂ ಹೇಳೋ ಹಾಗಿಲ್ಲ."

"ಮಾರಾಯ, ಊಟಕ್ಕೆ ಏನ್ ಕೊಟ್ರು, ಅದಾದ್ರೂ ಹೇಳು."

"ಅನ್ನ ಕೊಟ್ಟಿದಾರೆ," ಎಂದಳು ಒಲೆಯ ಪಕ್ಕ ಕುರ್ಚಿಯಲ್ಲಿದ್ದ ಅತ್ತೆ ಜುಲ್ಮಾ, "ಮೀಸೇಲಿದೆ."

ದಾರ್ದೊ ಆ ಅಗುಳನ್ನು ಬೆರಳಲ್ಲಿ ತೆಗೆದು, ನಾಲ್ಕೂ ಕಡೆ ನೋಡಿ, ಕಂಪನಿಯ ಸ್ವತ್ತೆಂಬಂತೆ ಜೇಬಿಗೆ ಹಾಕಿಕೊಂಡ.

ಜುಲ್ಮಾ ಬಗ್ಗೆ ಎರಡು ಮಾತು ಹೇಳಬೇಕು. ಮೂವತ್ತೊಂದು ವರ್ಷದಿಂದ ಅವಳು ಹೆದ್ದಾರಿಯ ಕೂಡುರಸ್ತೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಗಾಡಿಯಿಟ್ಟು ತೋರ್ತಾ ಎಂಬ ಗೋಧಿಹಿಟ್ಟಿನ ರೊಟ್ಟಿ ಕರಿಯುತ್ತಿದ್ದಳು. ಮಳೆ ಹನಿಯಿತೆಂದರೆ ಆ ದೇಶದಲ್ಲಿ ಎಲ್ಲರಿಗೂ ಕರಿದ ತೋರ್ತಾ ಬೇಕು, ಮಂತ್ರಿಗೂ ಬೇಕು, ಲಾರಿಯವನಿಗೂ ಬೇಕು. ಲಾರಿಗಳು ಅವಳ ಗಾಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಈಚೆಗೆ ಒದ್ದೆ ನೆಲದ ಮೇಲೆ ನಿಂತು ನಿಂತು ಮಂಡಿ ಹೋಗಿತ್ತು. ಈ ಚಳಿಗಾಲ ಗಾಡಿಯನ್ನು ನಿಬಿಯಾಳ ಕೈಗೆ ಒಪ್ಪಿಸುತ್ತೇನೆ ಎಂದು ಊರಿಗೆಲ್ಲ ಹೇಳಿದ್ದಳು. ನಿಬಿಯಾ ಆಗಲೇ ಹೊಸ ಏಪ್ರನ್ ಹೊಲಿಸಿಕೊಂಡಿದ್ದಳು.

ಹತ್ತನೆಯ ದಿನ ಜುಲ್ಮಾ ಒಗೆಯುವ ಬಟ್ಟೆಗಳಿಂದ ಅಳಿಯನ ಅಂಗಿಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದು ಎಣ್ಣೆ."

"ಯಂತ್ರದ್ದು ಇರ್ಬೇಕಮ್ಮ," ಎಂದಳು ನಿಬಿಯಾ.

"ಯಂತ್ರದ ಎಣ್ಣೆ ಕಪ್ಪು. ಇದು ಗಾಜಿನ ಹಾಗಿದೆ. ಮೂಸಿ ನೋಡು, ವಾಸನೆ ಇಲ್ಲ. ಒಂದ್ಸಲಾನೂ ಕರಿದಿಲ್ಲ ಇದರಲ್ಲಿ. ಇಂಥ ಎಣ್ಣೆ ಹಾಕಿ ಕರಿಯೋರು ಅಂದ್ರೆ ಹೊಸದಾಗಿ ಅಂಗಡಿ ಇಟ್ಟೋರು." ಜುಲ್ಮಾ ಅಂಗಿಯನ್ನು ಮಡಿಸಿ ಸಾಕ್ಷಿಯಾಗಿ ಬೀರುವಿನಲ್ಲಿಟ್ಟಳು. "ನಮ್ಮ ಅಳಿಯ ದೇವರು ಒಫೇಲಿಯಾಳ ಗಾಡೀಲಿ ತೋರ್ತಾ ಕರೀತಿದಾನೆ."

ಒಫೇಲಿಯಾ ಎಂಟು ಕಿಲೋಮೀಟರ್ ಆಚೆ, ವೃತ್ತದ ಬಳಿ ಹೊಸ ಗಾಡಿ ಇಟ್ಟವಳು. ಜುಲ್ಮಾ ಹಿಟ್ಟಿಗೆ ಏನೇನು ಹಾಕುತ್ತಾಳೆಂದು ತಿಳಿದವರು ಲೋಕದಲ್ಲಿ ಮೂವರು, ಮೂರನೆಯವನು ದಾರ್ದೊ. ಅವನು ಬಿಳಿ ಡಬ್ಬದ ಒಳಗೆ ಹೋದದ್ದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಜುಲ್ಮಾಗೆ ಅಷ್ಟು ಸಾಕಾಗಿತ್ತು.

ವಿಚಾರಣೆ ನಡೆದದ್ದು ಭಾನುವಾರದ ಊಟದಲ್ಲಿ, ರವಿಯೋಲಿ ಕಡುಬು ಬಡಿಸಿದ ಮೇಲೆ. ಈ ಮುದುಕಿಯ ಜುಲುಮೆ ಯಾವಾಗಲೂ ಮಾಂಸದ ಸಾರಿನ ಜೊತೆಗೇ ಬರುತ್ತಿತ್ತು.

"ಅಳಿಯಂದ್ರೇ, ನಿಮ್ಮ ಎಣ್ಣೆ ಎಷ್ಟು ಕಾಯಿಸ್ತೀರಿ?"

ದಾರ್ದೊನ ಮುಳ್ಳುಚಮಚ ಗಾಳಿಯಲ್ಲೇ ನಿಂತಿತು. "ಎಣ್ಣೆ ವಿಷ್ಯ ನಿಮಗ್ಯಾರು ಹೇಳಿದ್ರು?"

"ಮೂವತ್ತೊಂದು ವರ್ಷದಿಂದ ಎಣ್ಣೆ ಮುಂದೆ ನಿಂತಿದೀನಿ. ಎಣ್ಣೇನೇ ಹೇಳುತ್ತೆ. ಎಷ್ಟು ಕಾಯಿಸ್ತೀರಿ?"

"ನಾವ್ ಕಾಯ್ಸೋದಲ್ಲ ಅತ್ತೆ, ಅದೇ ಕಾಯುತ್ತೆ. ನಲವತ್ತೈದು ಡಿಗ್ರಿ ದಾಟ್ಬಾರ್ದು. ದಾಟಿದ್ರೆ ಗಂಟೆ ಹೊಡ್ಕೊಳುತ್ತೆ."

"ನಲವತ್ತೈದಾ? ಅದ್ರಲ್ಲಿ ಮಗೂಗೆ ಸ್ನಾನ ಮಾಡಿಸ್ಬಹುದು. ಏನೂ ಬೇಯಲ್ಲ."

"ಬೇಯ್ಬಾರ್ದು ಅಂತಾನೇ ಇಡೋದು."

ಜುಲ್ಮಾ ಮಗಳ ಮುಖ ನೋಡಿದಳು. "ಎಷ್ಟು ಬಾಣಲೆ ಇದೆ?"

"ಬಾಣಲೆ ಅಲ್ಲ, ತೊಟ್ಟಿ. ಇಪ್ಪತ್ನಾಲ್ಕು. ಒಂದೊಂದೂ ನನ್ನ ಎದೆ ಮಟ್ಟ." ಹೇಳುವಾಗ ದಾರ್ದೊನ ಎದೆ ತನ್ನಷ್ಟಕ್ಕೆ ಸ್ವಲ್ಪ ಉಬ್ಬಿತು.

"ಒಳಗೆ ಹಾಕಿ ಎಷ್ಟೊತ್ತಿಗೆ ತೆಗೀತೀರಿ?"

"ಐದು ವರ್ಷ."

ನಿಬಿಯಾ ಸಾರಿನ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು.

"ಐದು ನಿಮಿಷ ಅಂದ್ರಾ?" ಎಂದಳು ಜುಲ್ಮಾ.

"ವರ್ಷ. ಮಧ್ಯದಲ್ಲಿ ಕೆಟ್ಟೋದ್ರೆ ಮಾತ್ರ ತೆಗೀತೀವಿ. ಇಷ್ಟೇ ಅತ್ತೆ. ಆಗ್ಲೇ ಜಾಸ್ತಿ ಹೇಳಿದೆ, ಇನ್ನು ಹೇಳೋ ಹಾಗಿಲ್ಲ."

ಒಫೇಲಿಯಾಳ ಮೇಲಿದ್ದ ಅನುಮಾನ ಅಲ್ಲಿಗೆ ಬಿದ್ದುಹೋಯಿತು. ಒಫೇಲಿಯಾಗೆ ಜುಲ್ಮಾ ಕಳ್ಳಿ, ಸುಳ್ಳಿ ಎಂಬ ಬಿರುದುಗಳನ್ನು ಕೊಟ್ಟಿದ್ದಳೇ ಹೊರತು ಉಗುರುಬೆಚ್ಚಗಿನ ಎಣ್ಣೆಯಲ್ಲಿ ಐದು ವರ್ಷ ತೋರ್ತಾ ಕರಿಯುವ ಪೆದ್ದಿ ಎಂದು ಯಾವತ್ತೂ ಅಂದಿರಲಿಲ್ಲ. ಹಾಗಾದರೆ ಅಷ್ಟು ಕಾಲ ಎಣ್ಣೆಯಲ್ಲಿ ಇಡುವಂಥದ್ದು ಏನು? ತಟ್ಟೆಯನ್ನು ಅರ್ಧಕ್ಕೆ ಬಿಟ್ಟು ಜುಲ್ಮಾ ಪಕ್ಕದ ಮನೆಯ ಗೇಟಿಗೆ ಹೋದಳು.

ಅಲ್ಲಿ ಎಬೆರ್ ಇದ್ದ. ನಿವೃತ್ತ ಅಂಚೆಯವನು. ಮೂವತ್ತು ವರ್ಷ ಬೇರೆಯವರ ಕಾರ್ಡುಗಳನ್ನು ಓದಿ ಗಳಿಸಿದ ಜ್ಞಾನ ಅವನದು. ಬೆಳಗಿನಿಂದ ಸಂಜೆವರೆಗೆ ಎಡಗಂಕುಳಲ್ಲಿ ಬಿಸಿನೀರಿನ ಥರ್ಮಾಸು, ಬಲಗೈಯಲ್ಲಿ ಮಾಟೆ ಕಷಾಯದ ಬುರುಡೆ. ಜುಲ್ಮಾ ಹೇಳಿದ್ದನ್ನೆಲ್ಲ ಅವನು ಕೊಳವೆ ಹೀರುತ್ತಾ ಕೇಳಿಸಿಕೊಂಡ.

"ಬದನೆಕಾಯಿ ಎಣ್ಣೇಲಿ ಮೂರು ತಿಂಗಳು ಇರುತ್ತೆ," ಎಂದ. "ಗಿಣ್ಣು ಒಂದು ವರ್ಷ. ಮೀನು, ಡಬ್ಬಿ ಗಟ್ಟಿ ಇದ್ರೆ ಎರಡು. ಐದು ವರ್ಷ ಅಂದ್ರೆ..." ಅವನು ಹೀರುವುದನ್ನು ನಿಲ್ಲಿಸಿದ. "ತೊಟ್ಟಿ ಎಷ್ಟು ಆಳ ಅಂದೆ?"

"ಅವನ ಎದೆ ಮಟ್ಟ."

"ಮನುಷ್ಯನ ಅಳತೆ," ಎಂದ ಎಬೆರ್. ಎಂದವನು ಥರ್ಮಾಸನ್ನು ಕೆಳಗಿಟ್ಟ. ಅವನು ಥರ್ಮಾಸು ಕೆಳಗಿಟ್ಟದ್ದನ್ನು ಊರು ಅದುವರೆಗೆ ನೋಡಿರಲಿಲ್ಲ. ಹೆಂಡತಿಯನ್ನು ಹೂಳುವಾಗಲೂ ಅದು ಕಂಕುಳಲ್ಲೇ ಇತ್ತು.

ಸರಿಯಾಗಿ ಆಗ ಬೇಲಿಯಾಚೆ, ಕೋಳಿಗೂಡಿನ ಹಿಂದಿನಿಂದ, ದಾರ್ದೊನ ದನಿ ಕೇಳಿಸಿತು. ಅವನು ಲೂರ್ದೆಸ್‌ಗೆ ಫೋನು ಮಾಡಿ ಶನಿವಾರದ ವರದಿ ಒಪ್ಪಿಸುತ್ತಿದ್ದ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗುಟ್ಟು ಕಾಯುವುದರಲ್ಲಿ ದಾರ್ದೊ ಒಪ್ಪಂದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ. ಮನೆಯಿಂದ ಮಾತಾಡುವಾಗ ಕಂಪ್ಯೂಟರು ಎಂಬ ಪದವನ್ನೇ ಬಳಸಬಾರದೆಂದು ನಿಶ್ಚಯಿಸಿ, ಅವಕ್ಕೆ 'ಅತಿಥಿಗಳು' ಎಂದು ಗುಪ್ತನಾಮ ಇಟ್ಟಿದ್ದ. ಈ ಏರ್ಪಾಡು ಲೂರ್ದೆಸ್‌ಗೂ ಗೊತ್ತಿರಲಿಲ್ಲ.

"ಇಂಜಿನಿಯರಮ್ಮಾ, ಹನ್ನೊಂದನೇ ತೊಟ್ಟೀಲಿ ಮೂರು ಜನ ಅತಿಥಿಗಳು ಹೋಗ್ಬಿಟ್ರು... ಅದೇ, ನಮ್ಮ ಅತಿಥಿಗಳು... ಹೂಂ, ಮೂರೂ ಜನ. ಹೊಸಬ್ರು ಪಾಪ, ಬಂದು ಐದು ತಿಂಗಳಾಗಿರ್ಲಿಲ್ಲ. ಬುದ್ಧಿ ಜಾಸ್ತಿ ನೋಡಿ, ತಲೆ ಕಾದು ಹೋಗಿದಾರೆ... ಎತ್ತಿ, ಕೊಕ್ಕೆಗೆ ನೇತು ಹಾಕಿದೀನಿ. ಸೋಮವಾರದ ಹೊತ್ಗೆ ಎಣ್ಣೆ ಇಳಿದಿರುತ್ತೆ, ಆಮೇಲೆ ಒರೆಸ್ತೀನಿ... ಅವ್ರ ತಲೆಯೊಳಗಿನದು ಚೆನ್ನಾಗಿದ್ರೆ ತೆಗೆದು ಬೇರೆಯವ್ರಿಗೆ ಹಾಕ್ಬಹುದಾ?... ಆಯ್ತು, ಹಾಗಾದ್ರೆ ಪೆಟ್ಟಿಗೇಲಿಟ್ಟು ಕಳಿಸ್ತೀನಿ."

ಬೇಲಿಯ ಈಚೆ ಎಬೆರ್ ಮತ್ತು ಜುಲ್ಮಾ ಒಬ್ಬರ ತೋಳನ್ನೊಬ್ಬರು ಹಿಡಿದು ನಿಂತಿದ್ದರು.

ಸೋಮವಾರ ಬೆಳಿಗ್ಗೆ ಬೇಕರಿ ತೆಗೆಯುವಷ್ಟರಲ್ಲಿ ಊರಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಹೊರದೇಶದ ಭಾರೀ ಶ್ರೀಮಂತರು ಸಾಯುವ ಕಾಲಕ್ಕೆ ಇಲ್ಲಿಗೆ ಬರುತ್ತಾರೆ. ಮುಂದೆ ಔಷಧಿ ಕಂಡುಹಿಡಿದಾಗ ಎದ್ದೇಳೋಣವೆಂದು ಎಣ್ಣೆಯಲ್ಲಿ ಮಲಗುತ್ತಾರೆ. ಒಪ್ಪದೇ ಇರಲು ಕಾರಣವೇ ಇರಲಿಲ್ಲ. ಕಿಟಕಿ ಯಾಕಿಲ್ಲ? ಹೆಣಕ್ಕೆ ಹೊರಗಿನ ನೋಟ ಯಾಕೆ ಬೇಕು. ನಾಲ್ಕು ದೊಡ್ಡ ಡೀಸೆಲ್ ಜನರೇಟರು ಯಾಕೆ? ಕರೆಂಟು ಹೋದರೆ ಅತಿಥಿಗಳು ಕೆಡಬಾರದಲ್ಲ. ಗೇಟಿನಲ್ಲಿ ಬೆರಳು, ಕಣ್ಣು ಎರಡನ್ನೂ ಯಾಕೆ ಪರೀಕ್ಷಿಸುತ್ತಾರೆ? ಒಳಗೆ ಹೋದವನೇ ಹೊರಗೆ ಬರುತ್ತಿದ್ದಾನೋ, ಬೇರೆ ಯಾರಾದರೂ ಎದ್ದು ಬರುತ್ತಿದ್ದಾರೋ ನೋಡಲು. ಗೋಡೆಯ ಬಳಿ ನಿಂತರೆ ಕೇಳುವ ಗುಂಯ್ ಸದ್ದು ಏನು ಎಂಬುದರ ಬಗ್ಗೆ ಮಾತ್ರ ಎರಡು ಅಭಿಪ್ರಾಯವಿದ್ದವು.

ನಿಬಿಯಾ ಗಂಡನಿಗೆ ಬೇರೆ ಸೋಪು, ಬೇರೆ ಟವೆಲು, ಬೇರೆ ಲೋಟ ಇಟ್ಟಳು. ಅವನ ದಿಂಬು ಕೋಳಿಗೂಡಿನ ಪಕ್ಕದ ಸಾಮಾನುಕೋಣೆಗೆ ಹೋಯಿತು.

"ಆ ಕೈಯಲ್ಲಿ ನನ್ನ ಮುಟ್ಬೇಡ. ಯಾರ್ಯಾರನ್ನ ಒರೆಸಿದೀಯೋ."

"ನಿನಗೆ ಒರೆಸೋ ವಿಷ್ಯ ಯಾರು ಹೇಳಿದ್ರು?" ಎಂದ ದಾರ್ದೊ, ಕಣ್ಣು ಕಿರಿದು ಮಾಡಿ.

ಅವನಿಗೂ ಅನುಮಾನ ಶುರುವಾಗಿತ್ತು. ಅತ್ತೆಗೆ ಎಣ್ಣೆಯ ವಿಷಯ ಗೊತ್ತು. ಹೆಂಡತಿಗೆ ಒರೆಸುವ ವಿಷಯ ಗೊತ್ತು. ಯಾರೋ ಎದುರಾಳಿ ಕಂಪನಿಯವರು ತನ್ನ ಮನೆಯವರನ್ನೇ ಕೊಂಡುಕೊಂಡಿದ್ದಾರೆ ಎಂದು ನಂಬಿ ಅವನು ಊಟದ ಮೇಜಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಅಗಿಯತೊಡಗಿದ.

ಪೆಟ್ಟು ಬಿದ್ದದ್ದು ಗಾಡಿಗೆ. ಮಂಗಳವಾರ ಧಾರಾಕಾರ ಮಳೆ, ತೋರ್ತಾಗೆ ಹೇಳಿ ಮಾಡಿಸಿದ ದಿನ. ಜುಲ್ಮಾ ಮತ್ತು ನಿಬಿಯಾ ಹಿಟ್ಟು ನಾದಿ, ಎಣ್ಣೆ ಕಾಯಿಸಿ ಕಾದರು. ಒಂದು ಲಾರಿಯೂ ನಿಲ್ಲಲಿಲ್ಲ. ಕೊನೆಗೆ ಹಾಲಿನ ಟ್ಯಾಂಕರಿನವನು ನಿಧಾನ ಮಾಡಿ, ಕಿಟಕಿ ಒಂದು ಬೆರಳಷ್ಟು ಇಳಿಸಿ ಕೇಳಿದ: "ದೋನ್ಯಾ ಜುಲ್ಮಾ, ತಪ್ಪು ತಿಳೀಬೇಡಿ. ಅಲ್ಲಿ ಮಿಕ್ಕಿದ ಎಣ್ಣೆ ಇಲ್ಲಿಗೆ ಬರುತ್ತೆ ಅಂತಾರಲ್ಲ, ಹೌದಾ?"

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಜುಲ್ಮಾ ಮಳೆಯಲ್ಲೇ ಬಾಣಲೆ ಇಳಿಸಿದಳು.

"ಗಾಡಿ ನಿನಗೆ ಕೊಡೋ ಮಾತು ಮರ್ತುಬಿಡು," ಎಂದಳು ಮಗಳಿಗೆ. "ಆ ಡಬ್ಬದಲ್ಲಿ ಏನಿದೆ ಅಂತ ನನಗೆ ತಿಳಿಯೋವರೆಗೂ ಸೌಟು ನನ್ನ ಕೈಲೇ ಇರುತ್ತೆ."

"ಗಿರಾಕೀನೇ ಇಲ್ಲದ ಗಾಡಿ, ಯಾರ ಕೈಲಿದ್ರೆ ಏನಮ್ಮ," ಎಂದಳು ನಿಬಿಯಾ. ಹೊಸ ಏಪ್ರನ್ನಿನ ತುದಿಯಿಂದ ಅವಳು ಮುಖದ ಮಳೆ ಒರೆಸಿಕೊಂಡಳು, ಮಳೆಯ ಜೊತೆ ಬೇರೆ ನೀರೂ ಇತ್ತು.

ಗುರುವಾರ ಪುರಸಭೆಯ ಅಧಿಕಾರಿ ತಿಯೋಫಿಲೊ ಗಾದೇಯಾ ಮನೆಗೇ ಬಂದ. ಸಣ್ಣ ಊರಾದ್ದರಿಂದ ಆಹಾರದ ನೈರ್ಮಲ್ಯ ಮತ್ತು ಸ್ಮಶಾನ ಎರಡೂ ಇಲಾಖೆ ಅವನೊಬ್ಬನ ಕೈಯಲ್ಲಿದ್ದವು. ಕಂಕುಳಲ್ಲಿ ಎರಡು ಬಣ್ಣದ ಎರಡು ಅರ್ಜಿ ಇಟ್ಟುಕೊಂಡಿದ್ದ.

"ನೋಡಿ ಬೆಂತಾಂಕುರ್, ಹಸಿರು ಕಾಗದ ಎಣ್ಣೇದು, ಬೂದಿ ಬಣ್ಣದ್ದು ಹೆಣದ್ದು. ಯಾವುದು ತುಂಬ್ಬೇಕು ನೀವೇ ಹೇಳಿ."

"ಹೇಳೋ ಹಾಗಿಲ್ಲ."

"ಒಳಗೆ ಒಟ್ಟು ಎಷ್ಟು ಜನ ಇದಾರೆ?"

"ಹನ್ನೊಂದು. ಅದು ಗೇಟಿನ ಬೋರ್ಡಲ್ಲೇ ಇದೆ, ಅದಕ್ಕೆ ಹೇಳ್ದೆ."

"ಅತಿಥಿಗಳನ್ನೂ ಸೇರಿಸಿ?"

ದಾರ್ದೊ ಎದ್ದು ಬಾಗಿಲು ಹಾಕಿದ. ಗುಪ್ತನಾಮ ಪುರಸಭೆಯವರೆಗೂ ಹೋಗಿದೆ. "ಆ ಪದ ನಿಮಗೆ ಎಲ್ಲಿ ಸಿಕ್ತು?"

ಗಾದೇಯಾ ಹಸಿರು ಕಾಗದವನ್ನು ಮಡಿಸಿ ಜೇಬಿಗಿಟ್ಟು ಬೂದಿ ಬಣ್ಣದ್ದನ್ನು ಬಿಡಿಸಿದ. "ಸರ್ಕಾರ ಕೇಳ್ತಿದೆ. ತೊಟ್ಟಿಗೆ ಎಷ್ಟು ಜನ?"

ಬಸ್ಸಿನಲ್ಲಿದ್ದಾಗಲೂ ತಪಾಸಣೆಯವರು ಕೇಳಿದರೆ ಪ್ರಯಾಣಿಕರ ಸಂಖ್ಯೆ ಹೇಳಲೇಬೇಕಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ ಸಹಿಗಿಂತ ಬಲವಾಗಿತ್ತು. "ನಲವತ್ತೆಂಟು," ಎಂದುಬಿಟ್ಟ.

"ಒಂದೇ ತೊಟ್ಟೀಲಿ? ಮಲಗಿಸ್ತೀರಾ?"

"ನಿಲ್ಲಿಸ್ತೀವಿ. ಮಧ್ಯೆ ಎರಡು ಬೆರಳು ಜಾಗ."

ಗಾದೇಯಾ ಅಂಚಿನಲ್ಲಿ ಗುಣಿಸಿದ. ಸಾವಿರದ ನೂರ ಐವತ್ತೆರಡು. ಊರಿನ ಸ್ಮಶಾನದಲ್ಲಿ ತೊಂಬತ್ತು ವರ್ಷದಿಂದ ಸೇರಿದವರು ಒಟ್ಟು ಒಂಬೈನೂರು, ಅದಕ್ಕೇ ಜಾಗ ಸಾಲದೆಂದು ಅವನು ವರ್ಷಾ ವರ್ಷಾ ಮೇಲಕ್ಕೆ ಬರೆಯುತ್ತಿದ್ದ. "ಎರಡು ಬೆರಳು," ಎಂದ ಮತ್ತೆ, ವೃತ್ತಿಯವರಿಗೆ ಮಾತ್ರ ಅರ್ಥವಾಗುವ ಅಸೂಯೆಯಿಂದ.

ಅದಾಗಿ ಮೂರು ವಾರಕ್ಕೆ ಊರಿನ ಕ್ಲಬ್ಬಿನ ಸಭಾಂಗಣದಲ್ಲಿ ಸಾರ್ವಜನಿಕ ಸಭೆ ಇತ್ತು. ಬಿಳಿ ಡಬ್ಬದ ಪಕ್ಕ ಇನ್ನೊಂದು ಡಬ್ಬ ಕಟ್ಟಲು ಕಂಪನಿ ಅನುಮತಿ ಕೇಳಿತ್ತು. ಇಂಥ ಸಭೆಗೆ ಸಾಮಾನ್ಯವಾಗಿ ಆರು ಜನ ಬರುತ್ತಾರೆ, ಅವರಲ್ಲಿ ಇಬ್ಬರು ಕ್ಲಬ್ಬಿನ ಬೆಕ್ಕು ಹುಡುಕಿಕೊಂಡು ಬಂದವರು. ಆವತ್ತು ಕುರ್ಚಿ ಸಾಲದೆ ಜನ ಬಿಲಿಯರ್ಡ್ಸ್ ಮೇಜಿನ ಮೇಲೂ ಕೂತಿದ್ದರು. ಲೂರ್ದೆಸ್‌ಗೆ ಸಂತೋಷವಾಯಿತು. ತಂತ್ರಜ್ಞಾನದ ಬಗ್ಗೆ ಇಷ್ಟು ಆಸಕ್ತಿಯ ಊರನ್ನು ಅವಳು ನೋಡಿರಲಿಲ್ಲ.

ಅವಳು ಒಳ್ಳೆಯ ಸುದ್ದಿಯಿಂದಲೇ ಶುರುಮಾಡಿದಳು. ನೀರು ಕಾಯಿಸುವ ಡೀಸೆಲ್ ದುಬಾರಿಯೆಂದು ಊರಿನ ಈಜುಕೊಳ ಪ್ರತಿ ಚಳಿಗಾಲ ಮುಚ್ಚಿರುತ್ತಿತ್ತು.

"ನಮ್ಮ ತೊಟ್ಟಿಗಳಲ್ಲಿ ಹುಟ್ಟೋ ಶಾಖ ಇಲ್ಲೀವರೆಗೂ ಸುಮ್ನೆ ಗಾಳಿಗೆ ಹೋಗ್ತಿತ್ತು. ಇನ್ಮೇಲೆ ಅದು ಕೊಳವೆಯಲ್ಲಿ ನಿಮ್ಮ ಈಜುಕೊಳಕ್ಕೆ ಬರುತ್ತೆ. ಬಿಟ್ಟಿಯಾಗಿ."

ಚಪ್ಪಾಳೆಗೆಂದು ನಿಲ್ಲಿಸಿದಳು. ಎರಡನೇ ಸಾಲಿನ ಹೆಂಗಸೊಬ್ಬಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

ಎಬೆರ್ ಎದ್ದ. "ಅವ್ರ ಒಪ್ಪಿಗೆ ತಗೊಂಡಿದೀರಾ?"

"ಯಾರದು?"

"ತೊಟ್ಟಿಯೊಳಗಿರೋರದು."

ಲೂರ್ದೆಸ್ ನಕ್ಕಳು. "ಅವನ್ನೇನು ಕೇಳೋದು? ಅವಕ್ಕೆ ಏನೂ ಗೊತ್ತಾಗಲ್ಲ." ಸಭೆಯ ಉದ್ದಕ್ಕೂ ಒಂದು ಗುಸುಗುಸು ಹರಿಯಿತು.

"ಮನೆಯೋರನ್ನಾದ್ರೂ?" ಎಂದು ಗಾದೇಯಾ ಬೂದಿ ಕಾಗದ ಎತ್ತಿ ಹಿಡಿದ.

ಆಗ ಜುಲ್ಮಾ ಕೋಲೂರಿ ಎದ್ದು ನಿಂತಳು. "ಮುಚ್ಚಿಟ್ಟು ಮಾತಾಡೋದು ಸಾಕು. ಸಾವಿರದ ನೂರ ಐವತ್ತೆರಡು ಹೆಣದ ಕಾವಿನಲ್ಲಿ ನಮ್ಮ ಊರಿನ ಮಕ್ಕಳು ಈಜ್ಬೇಕಾ, ಹೇಳು ತಾಯಿ."

ಲೂರ್ದೆಸ್ ಪರದೆಯ ಮೇಲೆ ತೊಟ್ಟಿಯ ಫೋಟೊ ಹಾಕಿ, ಒಳಗಿರುವುದು ಕಂಪ್ಯೂಟರು, ತಣ್ಣಗಿರಲೆಂದು ಎಣ್ಣೆಯಲ್ಲಿ ಅದ್ದಿದ್ದೇವೆ ಎಂದು ಬಿಡಿಸಿ ಬಿಡಿಸಿ ಹೇಳಿದಳು.

"ಕಂಪ್ಯೂಟರನ್ನ ಎಣ್ಣೇಲಿ ಯಾರಾದ್ರೂ ಅದ್ದುತಾರಾ," ಎಂದಳು ಜುಲ್ಮಾ. "ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳು." ಆ ಸಂಜೆಯ ಮೊದಲ ಚಪ್ಪಾಳೆ ಬಿದ್ದದ್ದು ಇದಕ್ಕೆ.

"ನನ್ನ ಫೋನು ಒಂದೇ ಒಂದ್ಸಲ ಮಾಟೆ ನೀರಿಗೆ ಬಿತ್ತು," ಎಂದ ಎಬೆರ್. "ತಕ್ಷಣ ಸತ್ತೋಯ್ತು. ಇವ್ರದ್ದು ಎಣ್ಣೇಲಿ ಐದು ವರ್ಷ ಬದುಕುತ್ತಂತೆ."

ಲೂರ್ದೆಸ್ ಕಣ್ಣಲ್ಲೇ ಸಭೆಯನ್ನು ಜಾಲಾಡಿ ದಾರ್ದೊನನ್ನು ಹುಡುಕಿದಳು. "ದಾರ್ದೊ, ದಿನಾ ನೋಡೋರು ನೀವು. ನೀವೇ ಹೇಳಿ ಇವ್ರಿಗೆ."

ದಾರ್ದೊ ಎದ್ದ. ಇಡೀ ಊರು ತಿರುಗಿತು. "ಹೇಳೋ ಹಾಗಿಲ್ಲ," ಎಂದ. "ಸಹಿ ಹಾಕಿದೀನಿ."

"ಯಾವುದಕ್ಕೆ ಸಹಿ?"

"ನೀವೇ ಹಾಕಿಸ್ಕೊಂಡ್ರಲ್ಲ. ಹೊರಗೆ ಒಯ್ಯೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ ಅಂತ."

ಲೂರ್ದೆಸ್ ತನ್ನ ಕಡತ ಬಿಚ್ಚಿ, ಒಂದು ಕಾಗದ ಹೊರತೆಗೆದು, ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಮೂರನೆಯ ಸಲ ಮೈಕಿನಲ್ಲಿ ಓದಿದಳು: "ರಬ್ಬರು ಬೂಟು, ಒಂದು ಜೊತೆ, ನಲವತ್ತೆರಡನೇ ಅಳತೆ. ಸದರಿ ಬೂಟನ್ನು ಹೊರಗೆ ಒಯ್ಯತಕ್ಕದ್ದಲ್ಲ. ಇತರರಿಗೆ ಕೊಡತಕ್ಕದ್ದಲ್ಲ." ತಲೆಯೆತ್ತಿದಳು. "ಇದೊಂದಕ್ಕೇ ನೀವು ಸಹಿ ಹಾಕಿರೋದು."

ನಿಬಿಯಾ ನಿಧಾನವಾಗಿ ಎದ್ದಳು.

"ನಲವತ್ತಮೂರು ದಿನ," ಎಂದಳು. "ಬಾಯಿ ಬಿಡ್ಲಿಲ್ಲ ನೀನು. ಕೋಳಿ ಪಕ್ಕ ಮಲಗ್ದೆ. ಅಮ್ಮನ ಗಾಡಿ ನಿಂತೋಯ್ತು. ಬೂಟಿಗೋಸ್ಕರ."

"ಕನ್ನಡಕ ಇರ್ಲಿಲ್ಲ ಕಣೇ," ಎಂದ ದಾರ್ದೊ.

ಆಮೇಲೆ ಅವನು ಮಾತಾಡಿದ. ನಲವತ್ತಮೂರು ದಿನ ಕಟ್ಟಿದ್ದ ಬಾಯಿ. ತೊಟ್ಟಿ ತೊಟ್ಟಿಯಾಗಿ ಹೇಳಿದ, ಕೊಕ್ಕೆ ಕೊಕ್ಕೆಯಾಗಿ ಹೇಳಿದ, ಅತಿಥಿಗಳೆಂದರೆ ಯಾರು ಎಂದು ಹೇಳಿ ತಾನೇ ನಾಚಿಕೊಂಡ. ಕಾವಲಿನವನ ಮೂಲವ್ಯಾಧಿ, ಅಡುಗೆಯವನ ಎರಡನೇ ಮದುವೆ, ಪ್ರತಿ ದಿನ ಊಟಕ್ಕೆ ಏನಿತ್ತು, ಯಾವ ದಿನ ಉಪ್ಪು ಕಡಿಮೆ, ಎಲ್ಲ ಬಂತು. ಐವತ್ತು ನಿಮಿಷ. ನಿಬಿಯಾ ಉಪ್ಪಿನ ವಿಷಯ ಬಂದಾಗಲೇ ಕೂತಿದ್ದಳು. ಇಷ್ಟು ಬೇಡದ ವಿವರವನ್ನು ಯಾರೂ ಹೇಳಿಕೊಟ್ಟು ಹೇಳಿಸಲು ಸಾಧ್ಯವಿಲ್ಲ, ಇದು ತನ್ನ ಗಂಡನೇ ಎಂದು ಅವಳಿಗೆ ಖಾತ್ರಿಯಾಯಿತು. ಆ ರಾತ್ರಿ ದಿಂಬು ವಾಪಸು ಬಂತು.

ಊರು ಅಷ್ಟು ಸುಲಭದಲ್ಲಿ ನಂಬಲಿಲ್ಲ. "ಒಂದೂವರೆ ತಿಂಗಳು ಬಾಯಿ ಬಿಡದೋನು ಈಗ ಇಷ್ಟು ಮಾತಾಡ್ತಾನೆ ಅಂದ್ರೆ," ಎಂದ ಎಬೆರ್ ಮನೆಗೆ ಹೋಗುತ್ತಾ, "ಏನೋ ದೊಡ್ಡದೇ ಇದೆ." ಲಾರಿಯವರು ಹೊರ ಊರಿನವರು. ಅವರು ಕಂಪ್ಯೂಟರಿನ ಕತೆ ಕೇಳಿ ನಕ್ಕು, ಮುಂದಿನ ಮಳೆಗೆ ಗಾಡಿಯ ಮುಂದೆ ಬಂದು ನಿಂತರು. ಆದರೆ ಜುಲ್ಮಾ ಸೌಟು ಬಿಡಲಿಲ್ಲ. ಮಂಡಿಗೆ ಉಣ್ಣೆ ಬಟ್ಟೆ ಸುತ್ತಿಕೊಂಡು, ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದರಲ್ಲಿ ಕರಿದಳು. ನಿಬಿಯಾ ಪಕ್ಕದಲ್ಲಿ ನಿಂತು ಕಾಗದ ಸುತ್ತಿಕೊಟ್ಟಳು.

ಕೊಳವೆ ಹಾಕಲು ಎರಡು ತಿಂಗಳು ಹಿಡಿಯಿತು. ಸೆಪ್ಟೆಂಬರಿನ ಮೊದಲ ಶನಿವಾರ ಈಜುಕೊಳದ ಉದ್ಘಾಟನೆ. ಆ ದೇಶದಲ್ಲಿ ಚಳಿಗಾಲ ಮುಗಿಯುವ ತಿಂಗಳು ಅದು, ಚಳಿ ಬಿಟ್ಟಿರಲಿಲ್ಲ. ತಗಡಿನ ಮಾಡಿನ ಕೆಳಗೆ ನೀರು ಹಬೆಯಾಡುತ್ತಿತ್ತು. ಊರಿಗೆ ಊರೇ ಬಂದು, ಓವರ್‌ಕೋಟು, ಮಫ್ಲರು, ಛತ್ರಿ ಸಮೇತ ನಾಲ್ಕೂ ದಡದಲ್ಲಿ ಸಾಲಾಗಿ ನಿಂತಿತು. ಲೂರ್ದೆಸ್ ಟೇಪು ಕತ್ತರಿಸಿದಳು. ಯಾರೂ ಇಳಿಯಲಿಲ್ಲ. ಹತ್ತು ನಿಮಿಷ ಕಳೆಯಿತು, ಆಗಲೂ ಯಾರೂ ಇಳಿಯಲಿಲ್ಲ.

"ಮೊದ್ಲು ಕಂಪನಿಯೋರು ಇಳೀಲಿ," ಎಂದಿತು ಯಾವುದೋ ಛತ್ರಿ.

ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು. ದಾರ್ದೊನಿಗೆ ಈಜು ಬಾರದು. ಎಬೆರ್‌ನ ಹಳೆಯ ಚಡ್ಡಿ ತೊಟ್ಟು, ಒಂದು ಕೈಯಲ್ಲಿ ಅದರ ಲಾಡಿ, ಇನ್ನೊಂದರಲ್ಲಿ ಏಣಿಯ ಕಂಬಿ ಹಿಡಿದು ಇಳಿದ. ನೀರು ಎದೆಯವರೆಗೆ ಬಂತು.

"ಏನನ್ನಿಸ್ತಿದೆ?" ಎಂದ ಗಾದೇಯಾ ದಡದಿಂದ.

"ಬೆಚ್ಚಗಿದೆ."

"ಬೇರೆ ಏನು?"

"ಬೇರೆ ಏನೂ ಇಲ್ಲ. ಬೆಚ್ಚಗಿದೆ."

"ಕಾಲು ಗಂಟೆ ನೋಡೋಣ," ಎಂದ ಎಬೆರ್ ಗಡಿಯಾರ ತಿರುಗಿಸಿಕೊಂಡು. "ಏನಾದ್ರೂ ಆಗೋದಿದ್ರೆ ಅಷ್ಟರಲ್ಲಿ ಆಗುತ್ತೆ."

ಹೀಗೆ ದಾರ್ದೊಗೆ ಕಾಲು ಗಂಟೆ ಕದಲದೆ ಕೇಳುವ ಇನ್ನೂರು ಜನ ಸಿಕ್ಕರು. ಅಷ್ಟು ಸಮಯವನ್ನು ಅವನು ಹಾಳುಮಾಡಲಿಲ್ಲ. ಎಣ್ಣೆ ನೀರಿಗೆ ತಾಗುವುದೇ ಇಲ್ಲ, ಮಧ್ಯೆ ತಗಡಿನ ಗೋಡೆಯಿದೆ, ಶಾಖ ಮಾತ್ರ ದಾಟುತ್ತದೆ ಎಂದು ಕೈಯಾಡಿಸಿ ವಿವರಿಸಿದ. ವಿವರಿಸುವ ಭರದಲ್ಲಿ ಎರಡು ಸಲ ಲಾಡಿ ಬಿಟ್ಟ.

ಒಂಬತ್ತನೆಯ ನಿಮಿಷದಲ್ಲಿ ಜುಲ್ಮಾ ಕೋಲನ್ನು ನಿಬಿಯಾಳ ಕೈಗೆ ಕೊಟ್ಟಳು. ಕೋಟು ಬಿಚ್ಚಿದಳು. ಮನೆಯಲ್ಲಿ ತೊಡುವ ಹೂವಿನ ನಿಲುವಂಗಿಯಲ್ಲೇ ಏಣಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಇಳಿದಳು. ನೀರು ಮಂಡಿಗೆ ಬಂದಾಗ ಅವಳ ಬಾಯಿ ಸ್ವಲ್ಪ ತೆರೆಯಿತು. ಸೊಂಟಕ್ಕೆ ಬಂದಾಗ ಕಣ್ಣು ಮುಚ್ಚಿತು.

"ಅತ್ತೆ, ಕೈ ಹಿಡ್ಕೊಳ್ಳಿ," ಎಂದ ದಾರ್ದೊ.

"ಸರ್ಕೋ. ಜಾಗ ಬಿಡು."

ಜನ ಕಾದರು. ಎಬೆರ್ ಇಬ್ಬರಿಗೂ ಬೇರೆ ಬೇರೆ ಸಮಯ ಲೆಕ್ಕ ಹಾಕತೊಡಗಿದ. ಹಿಂದಿನ ಸಾಲಿನಲ್ಲಿ ಯಾರೋ ಬೂಟು ಬಿಚ್ಚುತ್ತಿದ್ದರು. ಜುಲ್ಮಾ ಕುತ್ತಿಗೆಯವರೆಗೆ ಮುಳುಗಿ, ಬೆನ್ನನ್ನು ಗೋಡೆಗೆ ಕೊಟ್ಟು, ಅಲುಗಾಡದೆ ನಿಂತಿದ್ದಳು. ತಗಡಿನ ಮೇಲೆ ಮಳೆ ಜೋರಾಯಿತು.

ನಿಬಿಯಾ ದಡದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಅಮ್ಮಾ, ಮಳೆ ಹಿಡೀತು. ಲಾರಿಯೋರು ಬರ್ತಾರೆ. ಗಾಡಿ ತೆಗೀಬೇಕು, ಮೇಲೆ ಬಾ."

"ನೀನೇ ತೆಗಿ," ಎಂದಳು ಜುಲ್ಮಾ, ಕಣ್ಣು ತೆರೆಯದೆ.

"ಇವತ್ತಾ?"

"ಇವತ್ತೂ ತೆಗಿ, ನಾಳೆನೂ ತೆಗಿ. ಇನ್ಮೇಲೆ ನೀನೇ ತೆಗಿ."

"ನೀನು?"

"ಇದ್ರಲ್ಲಿ ಏನೋ ಮೋಸ ಇದೆ ಕಣೇ," ಎಂದಳು ಜುಲ್ಮಾ, ಗಲ್ಲದವರೆಗೆ ಇಳಿಯುತ್ತಾ. "ನಾನು ದಿನಾ ಬಂದು ನೋಡ್ಬೇಕು."